ಬುಷ್ ಹಾಪರ್: ಪೊದೆ ಬಿಟ್ಟು ಹುಲ್ಲಿಗೆ ಬನ್ನಿ

ಈ ಚಿಟ್ಟೆಯ ಹೆಸರೇ ದಾರಿ ತಪ್ಪಿಸುತ್ತದೆ. ಬುಷ್ ಹಾಪರ್ ಎಂದ ಮೇಲೆ ಪೊದೆಯಲ್ಲಿ ಇದ್ದೀತು ಎಂದುಕೊಂಡು ದೇವರಾಯನದುರ್ಗದ ಇಳಿಜಾರಿನಲ್ಲಿ ಎರಡು ಬೆಳಗು ಪೊದೆಪೊದೆ ಜಾಲಾಡಿದೆ. ಒಂದೂ ಕಾಣಲಿಲ್ಲ. ಕೊನೆಗೆ ಸಿಕ್ಕಿದ್ದು ಬೆಟ್ಟ ಇಳಿದು ತುಮಕೂರಿಗೆ ಮರಳುವಾಗ, ಒಂದು ಸಣ್ಣ ಕೆರೆಯ ಏರಿಯ ಕೆಳಗೆ, ತೂಬಿನ ನೀರು ಜಿನುಗಿ ಸದಾ ಹಸಿಯಾಗಿರುವ ಹುಲ್ಲಿನಲ್ಲಿ. ಹಾಗಾಗಿ ಈ ಟಿಪ್ಪಣಿಯನ್ನು ಹುಲ್ಲಿನಿಂದಲೇ ಆರಂಭಿಸುತ್ತೇನೆ.

ಇದರ ಮರಿಹುಳು ತಿನ್ನುವುದು ಭತ್ತದ ಗರಿಯನ್ನು ಮತ್ತು ಲೀರ್ಸಿಯಾ ಹೆಕ್ಸಾಂಡ್ರ ಎಂಬ ಹುಲ್ಲನ್ನು. ಲೀರ್ಸಿಯಾ ಭತ್ತದ ಹತ್ತಿರದ ಬಂಧು. ಕಾಲುವೆಯ ಅಂಚಿನಲ್ಲಿ, ಗದ್ದೆಯ ಬದುವಿನ ಬುಡದಲ್ಲಿ, ನೀರಿನಲ್ಲೇ ಬೇರೂರಿ ಬೆಳೆಯುತ್ತದೆ. ಗರಿಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಸವರಿದರೆ ಸಣ್ಣ ಗರಗಸದಂತೆ ಕೆರೆಯುತ್ತದೆ. ಆ ಹುಲ್ಲು ಕಂಡಲ್ಲಿ ನಿಂತುಬಿಡಿ. ನಮ್ಮ ಬಯಲುಸೀಮೆಯಲ್ಲಿ ಇಂಥ ಜಾಗಗಳು ಹೆಚ್ಚಿಲ್ಲ. ಇರುವವೆಲ್ಲ ಕೆರೆಯನ್ನು ನಂಬಿಕೊಂಡವು: ಅಚ್ಚುಕಟ್ಟಿನ ಗದ್ದೆ, ಕೋಡಿ ಹಳ್ಳ, ತೋಟದ ಬದಿಯ ಜೌಗು. ಮಳೆಗಾಲ ಮುಗಿದು ಕೆರೆಯಲ್ಲಿ ನೀರು ನಿಂತಿರುವಾಗ, ಬೆಳಗಿನ ಬಿಸಿಲು ಹುಲ್ಲಿಗೆ ತಾಕಿದ ಮೇಲೆ ಹೋಗಿ.

ಇನ್ನು ಗುರುತು. ಇದು ಸ್ಕಿಪ್ಪರ್ ಎಂಬ ಚಿಟ್ಟೆ ಕುಟುಂಬಕ್ಕೆ ಸೇರಿದ್ದು. ಆ ಕುಟುಂಬದ ಲಕ್ಷಣಗಳು ಇವು: ದಪ್ಪ ಮೈ, ಅಗಲ ತಲೆ, ತುದಿಯಲ್ಲಿ ಕೊಕ್ಕೆಯಂತೆ ಬಾಗಿದ ಕುಡಿಮೀಸೆ, ಸರಕ್ಕನೆ ನೆಗೆಯುವ ಹಾರಾಟ. ಬುಷ್ ಹಾಪರ್ ಇವುಗಳಲ್ಲೂ ಚಿಕ್ಕದು. ರೆಕ್ಕೆ ಪೂರ್ತಿ ಬಿಚ್ಚಿದರೂ 3 ಸೆಂಟಿಮೀಟರ್ ದಾಟುವುದಿಲ್ಲ. 1793ರಲ್ಲಿ ಕೀಟಶಾಸ್ತ್ರಜ್ಞ ಫ್ಯಾಬ್ರೀಶಿಯಸ್ ವಿವರಿಸಿದ ಈ ಚಿಟ್ಟೆಯ ಈಗಿನ ವೈಜ್ಞಾನಿಕ ಹೆಸರು ಆಂಪಿಟ್ಟಿಯಾ ಡಯಾಸ್ಕೊರೈಡಿಸ್. ಗಂಡು ಹುಲ್ಲಿನ ಗರಿಯ ಮೇಲೆ ಕುಳಿತು ಹಿಂದಿನ ರೆಕ್ಕೆಗಳನ್ನು ಚಪ್ಪಟೆಯಾಗಿ ಹರಡುತ್ತದೆ, ಮುಂದಿನವನ್ನು ಅರ್ಧ ಎತ್ತಿ ಹಿಡಿಯುತ್ತದೆ. ಆಗ ಕಪ್ಪುಗಂದು ರೆಕ್ಕೆಯ ಮೇಲೆ ಕಿತ್ತಳೆ ಹಳದಿಯ ಪಟ್ಟೆಗಳು ಎದ್ದು ಕಾಣುತ್ತವೆ. ಹೆಣ್ಣಿನಲ್ಲಿ ಇದೇ ಹಳದಿ ಸಣ್ಣ ಮಚ್ಚೆಗಳಿಗೆ ಇಳಿದಿರುತ್ತದೆ. ಮೈಬಣ್ಣ ಹೆಚ್ಚು ಗಾಢ. ಹೊಸಬರು ಹೆಣ್ಣನ್ನು ಬೇರೆಯೇ ಜಾತಿ ಎಂದುಕೊಳ್ಳುವುದುಂಟು.

ಆದರೂ ಮೇಲ್ಮೈ ನೋಡಿ ತೀರ್ಮಾನಿಸಬೇಡಿ. ಮೊಣಕಾಲೂರಿ, ಹುಲ್ಲಿನ ಮಟ್ಟಕ್ಕೆ ಕಣ್ಣು ತಂದು, ಹಿಂದಿನ ರೆಕ್ಕೆಯ ಅಡಿಭಾಗ ನೋಡಿ. ಹಳದಿ ನೆಲದ ಮೇಲೆ ಯಾರೋ ಬೆರಳ ತುದಿಯಿಂದ ಮಸಿ ಒತ್ತಿದ ಹಾಗೆ ಕಪ್ಪು ಚುಕ್ಕೆಗಳು ರೆಕ್ಕೆಯ ತುಂಬ ಹರಡಿರುತ್ತವೆ. ಫೋಟೋ ಒಂದೇ ಸಿಗುವುದಾದರೆ ಈ ಕೋನದ್ದೇ ಇರಲಿ.

ಗೊಂದಲ ತರುವ ಬೇರೆ ಸ್ಕಿಪ್ಪರ್‌ಗಳು ಮೂರು. ತೆಂಗಿನ ತೋಟದ ಪಕ್ಕದ ಗದ್ದೆಯಲ್ಲಿ ಇಂಡಿಯನ್ ಪಾಮ್ ಬಾಬ್ ಸಿಗುತ್ತದೆ. ತೆಂಗು, ಈಚಲು ಅದರ ಆಹಾರ ಸಸ್ಯಗಳು. ಅದಕ್ಕೂ ಅಡಿಭಾಗದಲ್ಲಿ ಕಪ್ಪು ಚುಕ್ಕೆಗಳಿವೆ, ಆದರೆ ರೆಕ್ಕೆಯ ನೆಲಬಣ್ಣ ಬೂದಿ. ಗ್ರೇ ವೇಯ್ನ್ಡ್ ಗ್ರಾಸ್ ಡಾರ್ಟ್ ಗಾತ್ರದಲ್ಲಿ ಹತ್ತಿರ ಬರುತ್ತದೆ; ಅದರ ಅಡಿಭಾಗದಲ್ಲಿ ನರಗಳೇ ಬಿಳಿಚಿಕೊಂಡು ಗೆರೆಗಳಾಗಿ ಕಾಣುತ್ತವೆ. ರೈಸ್ ಸ್ವಿಫ್ಟ್ ದೊಡ್ಡದು, ಕಂದು, ಹಳದಿ ಪಟ್ಟೆ ಇಲ್ಲ. ಅದನ್ನು ಬೇಗ ಬದಿಗಿಡಬಹುದು.

ಚಿಟ್ಟೆ ಸಿಗದ ದಿನ ಮರಿಹುಳು ಹುಡುಕಿ. ಅದು ರೇಷ್ಮೆ ಎಳೆಯಿಂದ ಗರಿಯ ಎರಡು ಅಂಚುಗಳನ್ನು ಹೊಲಿದು ಕೊಳವೆ ಮಾಡಿಕೊಂಡು ಒಳಗಿರುತ್ತದೆ. ರೈತರು ಹೇಳುವ ಎಲೆ ಸುರುಳಿ ಹುಳು ಬೇರೆ. ಅದೊಂದು ಪತಂಗದ ಮರಿ, ಗರಿಯ ಹಸಿರನ್ನು ಕೆರೆದು ತಿಂದು ಬಿಳಿ ಗೆರೆ ಉಳಿಸುತ್ತದೆ. ಸ್ಕಿಪ್ಪರ್ ಮರಿಹುಳು ಗರಿಯನ್ನು ಅಂಚಿನಿಂದ ಕಚ್ಚಿ ತಿನ್ನುತ್ತದೆ. ಅದರ ತಲೆ ದೊಡ್ಡದು, ಕತ್ತು ಸಪೂರ. ಕೊಳವೆಯನ್ನು ಬಿಡಿಸಬೇಡಿ. ಗರಿಯನ್ನು ಕೀಳದೆ, ಸೂರ್ಯನಿಗೆ ಎದುರಾಗಿ ಬಗ್ಗಿ ನೋಡಿ: ಹಸಿರಿನ ಒಳಗೆ ಹುಳುವಿನ ನೆರಳು ಕಾಣುತ್ತದೆ.