ಪುಟ್ಟ ದೇಶದ ದೊಡ್ಡ ನಕಾಶೆ

ಕಾರವಾರದಿಂದ ಅಂಕೋಲೆಯತ್ತ ಹೊರಟು ಬಿಣಗಾ ದಾಟುವಾಗ ಬಲಗಡೆ ಸಮುದ್ರದಲ್ಲಿ ಉದ್ದಕ್ಕೆ ಮಲಗಿದಂತೆ ಕಾಣುವ ಗುಡ್ಡವೇ ಅಂಜದೀವ. ದಡಕ್ಕೆ ಅಷ್ಟು ಹತ್ತಿರವಿದ್ದರೂ, ಅಲೆತಡೆ ಗೋಡೆಯೊಂದು ಅದನ್ನು ಈಗ ಕದಂಬ ನೌಕಾನೆಲೆಗೆ ಜೋಡಿಸಿದ್ದರೂ, ಆಡಳಿತದ ಲೆಕ್ಕದಲ್ಲಿ ಅದು ಉತ್ತರ ಕನ್ನಡದ್ದಲ್ಲ. ಗೋವಾದ ಕಾಣಕೋಣ ತಾಲ್ಲೂಕಿನದು. 1961ರ ಡಿಸೆಂಬರ್‌ವರೆಗೆ ಅಲ್ಲಿ ಹಾರುತ್ತಿದ್ದುದು ಪೋರ್ಚುಗಲ್ ಬಾವುಟ. ಬ್ರಿಟಿಷರು ಹೊರಟುಹೋಗಿ 14 ವರ್ಷ ಕಳೆದರೂ, ಫ್ರೆಂಚರು ಪುದುಚೇರಿಯನ್ನು ಬಿಟ್ಟುಕೊಟ್ಟು ಏಳು ವರ್ಷವಾದರೂ, ಕರ್ನಾಟಕದ ಅರ್ಧದಷ್ಟೂ ವಿಸ್ತೀರ್ಣವಿಲ್ಲದ, 90 ಲಕ್ಷದಷ್ಟೇ ಜನರಿದ್ದ ದೇಶವೊಂದು ಇಲ್ಲಿಂದ ಕದಲಲಿಲ್ಲ. ಅದಕ್ಕೆ ಹಣಬಲವೂ ಇರಲಿಲ್ಲ, ಇಷ್ಟು ದೂರದಲ್ಲಿ ಯುದ್ಧ ಮಾಡುವ ಸೇನಾಬಲವೂ ಇರಲಿಲ್ಲ. ಕಾರಣವನ್ನು ಆ ದೇಶ ತನ್ನನ್ನು ತಾನು ಏನೆಂದು ತಿಳಿದುಕೊಂಡಿತ್ತು ಎಂಬುದರಲ್ಲಿ ಹುಡುಕಬೇಕಾಗುತ್ತದೆ.

1934ರಲ್ಲಿ ಪೋರ್ಟೊ ನಗರದ ವಸಾಹತು ಪ್ರದರ್ಶನದ ಸಂದರ್ಭದಲ್ಲಿ ಒಂದು ನಕಾಶೆ ಸಿದ್ಧವಾಯಿತು. ಯುರೋಪಿನ ಭೂಪಟದ ಮೇಲೆ ಅಂಗೋಲಾ, ಮೊಜಾಂಬಿಕ್ ಮೊದಲಾದ ವಸಾಹತುಗಳನ್ನು ಹರಡಿ, ‘ಪೋರ್ಚುಗಲ್ ಸಣ್ಣ ದೇಶವಲ್ಲ’ ಎಂಬ ತಲೆಬರಹ ಕೊಟ್ಟಿದ್ದರು. ಆಗ ದೇಶವನ್ನಾಳುತ್ತಿದ್ದ ಸರ್ವಾಧಿಕಾರಿ ಸಲಜಾರನ ಆಡಳಿತದಲ್ಲಿ ಈ ಮಾತು ಪ್ರಚಾರದ ಘೋಷಣೆಯಾಗಿಯೇ ಉಳಿಯದೆ ರಾಷ್ಟ್ರದ ಗುರುತೇ ಆಗಿಹೋಯಿತು. ವಸಾಹತುಗಳು ದೇಶದ ಆಸ್ತಿಯಲ್ಲ, ದೇಶದ ಮೈಯ ಅಂಗಗಳು ಎಂಬ ಭಾವನೆಗೆ 1951ರ ಸಂವಿಧಾನ ತಿದ್ದುಪಡಿ ಕಾನೂನಿನ ರೂಪ ಕೊಟ್ಟಿತು. ಅಂದಿನಿಂದ ಗೋವಾ ವಸಾಹತು ಎನಿಸದೆ ‘ಸಾಗರೋತ್ತರ ಪ್ರಾಂತ’ ಎನಿಸಿತು.

ಹೆಸರು ಬದಲಾದದ್ದರಿಂದ ವಿದೇಶಾಂಗ ನೀತಿಯ ಕೈ ಕಟ್ಟಿಹೋಯಿತು. 1950ರಲ್ಲಿ ಭಾರತ ಮಾತುಕತೆಗೆ ಕರೆದಾಗಲೇ ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್ ಒಪ್ಪಿರಲಿಲ್ಲ. ತಿದ್ದುಪಡಿಯ ನಂತರವಂತೂ ಸ್ವಂತ ನೆಲದ ಬಗ್ಗೆ ಮಾತನಾಡುವುದಕ್ಕೇನೂ ಇಲ್ಲ ಎಂಬುದೇ ಅದರ ಸ್ಥಿರವಾದ ಉತ್ತರವಾಯಿತು. 1953ರಲ್ಲಿ ಭಾರತ ಲಿಸ್ಬನ್‌ನ ತನ್ನ ರಾಜತಾಂತ್ರಿಕ ಕಚೇರಿಯನ್ನು ಮುಚ್ಚಿತು. ಫ್ರಾನ್ಸಿಗೆ ಪುದುಚೇರಿ ಕೈಬಿಟ್ಟರೂ ತಾನು ದೊಡ್ಡ ರಾಷ್ಟ್ರವೆಂಬ ನಂಬಿಕೆಗೆ ಧಕ್ಕೆಯಿರಲಿಲ್ಲ. ಪೋರ್ಚುಗಲ್‌ಗಾದರೋ ಗೋವಾವನ್ನು ಬಿಟ್ಟರೆ ನಾಳೆ ಅಂಗೋಲಾದಲ್ಲೂ ಮೊಜಾಂಬಿಕ್‌ನಲ್ಲೂ ಅದೇ ಪ್ರಶ್ನೆ ಏಳುತ್ತಿತ್ತು, ನಕಾಶೆಯೇ ಕರಗುತ್ತಿತ್ತು. ಸಣ್ಣ ದೇಶವಾಗಿದ್ದುದೇ ಅದರ ಹಟವನ್ನು ಗಟ್ಟಿ ಮಾಡಿತು ಎಂದು ನನಗೆ ತೋರುತ್ತದೆ.

ನಾಲ್ಕೂವರೆ ಶತಮಾನದಿಂದ ಗೋವಾ ತನ್ನದು ಎಂದು ಆ ದೇಶ ಹೇಳಿಕೊಳ್ಳುತ್ತಿತ್ತು. ಶಿರಸಿ ಹತ್ತಿರದ ಸೋದೆಯ ಚರಿತ್ರೆ ಬಲ್ಲ ನಮ್ಮ ಜಿಲ್ಲೆಯವರಿಗೆ ಇದು ಅರ್ಧ ಸತ್ಯವೆಂದು ತಿಳಿದಿದೆ. 1510ರಲ್ಲಿ ಪೋರ್ಚುಗೀಸರು ಗೆದ್ದದ್ದು ಗೋವಾ ನಗರ ಮತ್ತು ಅದರ ದ್ವೀಪವನ್ನು. ಕಾಣಕೋಣ, ಫೋಂಡಾ ಸೀಮೆಗಳು ಅನಂತರವೂ ಎರಡೂವರೆ ಶತಮಾನ ಅವರ ರಾಜ್ಯದ ಹೊರಗಿದ್ದವು, ಕೊನೆಗೆ ಸೋದೆ ಅರಸರ ಕೈಯಲ್ಲಿದ್ದವು. ಬಿಜಾಪುರ, ಕೆಳದಿ, ಮರಾಠರು, ಪೋರ್ಚುಗೀಸರು — ಈ ನಾಲ್ವರ ನಡುವೆ ಒಬ್ಬರಿಗೆ ಕಪ್ಪ ಕೊಟ್ಟು, ಇನ್ನೊಬ್ಬರೊಡನೆ ಒಪ್ಪಂದ ಮಾಡಿಕೊಂಡು, ಮೆಣಸು ಬೆಳೆಯುವ ಘಟ್ಟದ ಆದಾಯದಲ್ಲಿ ತಲೆಯೆತ್ತಿ ನಿಂತಿದ್ದ ಸಣ್ಣ ರಾಜ್ಯ ಅದು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯ ಸೇನೆ ಸೋದೆಯತ್ತ ತಿರುಗಿದಾಗ, ಅರಸ ಸವಾಯಿ ಇಮ್ಮಡಿ ಸದಾಶಿವ ಪರಿವಾರದೊಂದಿಗೆ ಗೋವೆಗೆ ಹೋಗಿ ಆಶ್ರಯ ಪಡೆದನು. ಘಟ್ಟದ ಕೆಳಗಿನ ಆ ಸೀಮೆಗಳು ಪೋರ್ಚುಗೀಸರ ವಶಕ್ಕೆ ಹೋದವು. 1791ರ ಒಪ್ಪಂದದಲ್ಲಿ ಆ ವಂಶ ಅವುಗಳ ಮೇಲಿನ ಹಕ್ಕನ್ನೂ ಬಿಟ್ಟುಕೊಟ್ಟಿತು. ಸದಾಶಿವಗಡ ಮತ್ತು ಮಾಜಾಳಿ ಈಚೆಗೆ, ಪೊಳೆಂ ಮತ್ತು ಕಾಣಕೋಣ ಆಚೆಗೆ ಉಳಿದದ್ದು ಹೀಗೆ. ಪೋರ್ಚುಗಲ್ ಇಂಥ ಭಾಗಗಳನ್ನು ‘ಹೊಸ ಗೆಲುವುಗಳು’ ಎಂದೇ ಕರೆಯುತ್ತಿತ್ತು.

ಬಲವಿಲ್ಲದ ಲಿಸ್ಬನ್ ಮಿತ್ರರನ್ನೂ ಕಾನೂನನ್ನೂ ನೆಚ್ಚಿಕೊಂಡಿತು. ಅದು 1949ರಿಂದಲೇ ಪಾಶ್ಚಾತ್ಯ ದೇಶಗಳ ಸೇನಾಕೂಟವಾದ ನ್ಯಾಟೊದ ಸ್ಥಾಪಕ ಸದಸ್ಯ ರಾಷ್ಟ್ರ. ಅಟ್ಲಾಂಟಿಕ್‌ನ ಅಜೋರ್ಸ್ ದ್ವೀಪಗಳಲ್ಲಿದ್ದ ವಿಮಾನನೆಲೆ ಅಮೆರಿಕಕ್ಕೆ ಬೇಕಾಗಿತ್ತು. 1955ರ ಡಿಸೆಂಬರ್‌ನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡಲ್ಲೆಸ್ ಜಂಟಿ ಹೇಳಿಕೆಯಲ್ಲಿ ‘ಪೋರ್ಚುಗೀಸ್ ಪ್ರಾಂತಗಳು’ ಎಂಬ ಪದಕ್ಕೆ ಸಹಿ ಹಾಕಿದಾಗ ದೆಹಲಿ ಕೆರಳಿತು. ಇಂಗ್ಲೆಂಡಿನೊಡನೆ 1373ರಷ್ಟು ಹಳೆಯ ಮೈತ್ರಿಯಿತ್ತು. ಸುತ್ತ ಭಾರತದ ನೆಲವೇ ಇದ್ದ ದಾದ್ರಾ ಮತ್ತು ನಗರ್ ಹವೇಲಿ ಕೈತಪ್ಪಿದಾಗ ಪೋರ್ಚುಗಲ್ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೂ ಹೋಯಿತು; ಅಲ್ಲಿಗೆ ಭಾರತದ ನೆಲದ ಮೂಲಕ ನಾಗರಿಕರು ಮತ್ತು ಸರಕಿನ ಸಂಚಾರಕ್ಕೆ ಹಕ್ಕಿತ್ತು, ಸೈನ್ಯದ ಸಂಚಾರಕ್ಕೆ ಇರಲಿಲ್ಲ ಎಂದು 1960ರಲ್ಲಿ ತೀರ್ಪು ಬಂತು. ಆ ವರ್ಷದ ಕೊನೆಗೆ ವಿಶ್ವಸಂಸ್ಥೆಯ ಮಹಾಸಭೆ ಗೋವಾವನ್ನು ಸ್ವಯಮಾಡಳಿತವಿಲ್ಲದ ಪ್ರದೇಶಗಳ ಪಟ್ಟಿಗೆ ಸೇರಿಸಿದ ಮೇಲೆ ‘ಪ್ರಾಂತ’ದ ವಾದಕ್ಕೆ ಹೊರಗೆ ಬೆಲೆ ಉಳಿಯಲಿಲ್ಲ.

ಇತ್ತ ಗಡಿಯ ಬದುಕು 1955ರ ಆಗಸ್ಟ್ 15ರಂದು ನಿರಾಯುಧ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿ 20ಕ್ಕೂ ಹೆಚ್ಚು ಜನ ಸತ್ತ ಮೇಲೆ ಮೊದಲಿನಂತಿರಲಿಲ್ಲ. ಭಾರತ ಗಡಿ ಮುಚ್ಚಿತು. ಕ್ಯಾಸಲ್‌ರಾಕ್‌ನಿಂದ ಘಟ್ಟವಿಳಿದು ಮುರ್ಮಗೋವೆಗೆ ಹೋಗುತ್ತಿದ್ದ ರೈಲು ನಿಂತಿತು. ಒಂದೇ ದೇವರಿಗೆ ನಡೆದುಕೊಳ್ಳುವ, ಒಂದೇ ಕೊಂಕಣಿ ಆಡುವ, ಹೆಣ್ಣು ಕೊಟ್ಟು ತಂದು ಮಾಡುತ್ತಿದ್ದ ಮನೆಗಳ ನಡುವೆ ಗಡಿ ಬಿಗಿಯಾಯಿತು. ಅದೇ ವರ್ಷದ ನವೆಂಬರ್‌ನಿಂದ ವಾಮನ ಸರ್ದೇಸಾಯಿ ಮತ್ತು ಲಿಬಿಯಾ ಲೋಬೊ ಮೊದಲು ಅಂಬೋಲಿಯ ಕಾಡಿನಿಂದ, ಅನಂತರ ನಮ್ಮದೇ ಕ್ಯಾಸಲ್‌ರಾಕ್‌ನ ಕಾಡಿನಿಂದ ಗುಪ್ತ ರೇಡಿಯೊ ನಡೆಸಿದರು. ಸೆನ್ಸಾರಿನ ಆಚೆಗಿನ ಸುದ್ದಿ ಕೊಂಕಣಿಯಲ್ಲೂ ಪೋರ್ಚುಗೀಸಿನಲ್ಲೂ ಆರು ವರ್ಷ ಗೋವಾದ ಮನೆಗಳನ್ನು ಮುಟ್ಟಿತು.

1961ರ ನವೆಂಬರ್ 17ರಂದು ಅಂಜದೀವದಿಂದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಕೆಲವೇ ದಿನಗಳಲ್ಲಿ ಮೀನುಗಾರರ ದೋಣಿಯ ಮೇಲೂ ಹಾರಿ ಒಬ್ಬ ಮೀನುಗಾರ ಸತ್ತನು. ಕಾರವಾರದ ಕರಾವಳಿಯಲ್ಲಿ ಎದ್ದ ಕೋಪ ದೆಹಲಿಯನ್ನು ಮುಟ್ಟಿತು. ಡಿಸೆಂಬರ್ 18ರಂದು ‘ಮೈಸೂರು’ ಮತ್ತು ‘ತ್ರಿಶೂಲ್’ ಯುದ್ಧನೌಕೆಗಳ ನಾವಿಕರು ದ್ವೀಪಕ್ಕಿಳಿದರು. ಏಳು ಮಂದಿ ಅಲ್ಲಿ ಪ್ರಾಣ ಕೊಟ್ಟರು. ಶರಣಾಗತಿ ಕೂಡದು, ಗೆದ್ದ ಅಥವಾ ಸತ್ತ ಸೈನಿಕರಷ್ಟೇ ಇರಬೇಕು ಎಂಬ ಅರ್ಥದ ತಂತಿಯನ್ನು ಸಲಜಾರ ಮೊದಲೇ ಕಳಿಸಿದ್ದನು. ಮೂರೂವರೆ ಸಾವಿರದಷ್ಟು ಸೈನಿಕರನ್ನು ವ್ಯರ್ಥವಾಗಿ ಬಲಿಕೊಡಲು ಒಪ್ಪದ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವ 19ರ ರಾತ್ರಿ ಶರಣಾದನು. ಅದಕ್ಕಾಗಿ ಅವನನ್ನು ಸೇನೆಯಿಂದ ಹೊರಹಾಕಿದರು. ನನ್ನ ಮಟ್ಟಿಗೆ ಆ ಕಾಲದ ಪೋರ್ಚುಗೀಸ್ ಅಧಿಕಾರಿಗಳಲ್ಲಿ ಮನುಷ್ಯತ್ವ ತೋರಿದವನು ಅವನೇ. ಕಾಮನ್‌ವೆಲ್ತ್ ಸದಸ್ಯ ರಾಷ್ಟ್ರದ ವಿರುದ್ಧ ಬ್ರಿಟನ್ ಕೈಯೆತ್ತಲಿಲ್ಲ. ಅಮೆರಿಕ ಭದ್ರತಾ ಮಂಡಳಿಯಲ್ಲಿ ಭಾರತವನ್ನು ಖಂಡಿಸಿತು, ಸೋವಿಯತ್ ಒಕ್ಕೂಟ ವೀಟೊ ಹಾಕಿತು, ಅಲ್ಲಿಗೆ ಮಿತ್ರರ ನೆರವು ಮುಗಿಯಿತು.

ಲಿಸ್ಬನ್ ಆಮೇಲೂ 13 ವರ್ಷ ಸೋಲನ್ನು ಒಪ್ಪಲಿಲ್ಲ. 1974ರ ಏಪ್ರಿಲ್‌ನ ಕ್ರಾಂತಿಯಲ್ಲಿ ಸರ್ವಾಧಿಕಾರ ಉರುಳಿದ ಮೇಲೆ, ಅದೇ ವರ್ಷದ ಕೊನೆಯ ದಿನ ಸಹಿಯಾದ ಒಪ್ಪಂದದಲ್ಲಿ ಗೋವಾದ ಮೇಲಿನ ಭಾರತದ ಸಾರ್ವಭೌಮತ್ವವನ್ನು ಅದು ಮಾನ್ಯ ಮಾಡಿತು. ಆದರೆ 1961ರ ಡಿಸೆಂಬರ್ 19ಕ್ಕೆ ಮೊದಲು ಅಲ್ಲಿ ಹುಟ್ಟಿದವರಿಗೆ, ಅವರ ಸಂತತಿಗೆ, ಪೋರ್ಚುಗಲ್ ಪೌರತ್ವ ಕೇಳುವ ದಾರಿ ಇಂದಿಗೂ ತೆರೆದಿದೆ. ಮಾಜಾಳಿಯಲ್ಲೇ ಉಳಿದ ಅಕ್ಕನ ಮಕ್ಕಳಿಗೆ ಆ ದಾರಿಯಿಲ್ಲ; ಪೊಳೆಂಗೆ ಮದುವೆಯಾಗಿ ಹೋಗಿ ಅಲ್ಲಿ ಆ ಕಾಲದಲ್ಲಿ ಹೆತ್ತ ತಂಗಿಯ ಮಕ್ಕಳಿಗೆ ಇದೆ. ಸೋದೆಯ ಅರಸ ಗೋವೆಗೆ ಓಡಿದಾಗ ಬಿದ್ದ ಗೆರೆಯೇ ಒಂದೇ ಮನೆತನದ ಇಬ್ಬರ ಕೈಯಲ್ಲಿ ಎರಡು ಪಾಸ್‌ಪೋರ್ಟ್ ಇಡುತ್ತಿದೆ.