ಪಿರೇಯಸ್‌ಗೆ ‘ಸಿಂಹದ ಬಂದರು’ ಎಂಬ ಹೆಸರು ಹೇಗೆ ಬಂತು?

ಪ್ರಶ್ನೆ: ಹಳೆಯ ನಕ್ಷೆಗಳಲ್ಲಿ ಅಥೆನ್ಸ್‌ನ ಬಂದರಾದ ಪಿರೇಯಸ್‌ಗೆ ‘ಪೋರ್ತೊ ಲಿಯೋನೆ’ (ಸಿಂಹದ ಬಂದರು) ಎಂಬ ಹೆಸರಿದೆ. ವೈಕಿಂಗ್ ವೀರ ಹೆರಾಲ್ಡ್ ಆ ಊರನ್ನು ಗೆದ್ದು, ಅಲ್ಲಿನ ಸಿಂಹದ ಮೇಲೆ ತನ್ನ ವಿಜಯವನ್ನು ಕೆತ್ತಿಸಿದ್ದರಿಂದ ಈ ಹೆಸರು ಬಂತೆಂಬುದು ನಿಜವೇ?

ಉತ್ತರ: ಸಿಂಹ ನಿಜ, ಅದರ ಮೈಮೇಲಿನ ಬರಹವೂ ನಿಜ. ಹೆರಾಲ್ಡನ ವಿಜಯಕ್ಕೆ ಮಾತ್ರ ಆಧಾರವಿಲ್ಲ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ವಿವರವಾಗಿಯೇ ಬರೆಯುತ್ತೇನೆ.

ಪಿರೇಯಸ್‌ನ ದಡದಲ್ಲಿ ಸುಮಾರು ಮೂರು ಮೀಟರ್ ಎತ್ತರದ, ಕುಳಿತ ಭಂಗಿಯ ಅಮೃತಶಿಲೆಯ ಸಿಂಹವಿತ್ತು. ಅದು ಕ್ರಿ.ಪೂ. 4ನೇ ಶತಮಾನದ ಶಿಲ್ಪ. ಒಂದು ಕಾಲದಲ್ಲಿ ಅದರ ಗಂಟಲಿಗೆ ಕೊಳವೆ ಹಾಯಿಸಿ ಬಾಯಿಯಿಂದ ನೀರು ಬರುವಂತೆ ಮಾಡಿದ್ದರು. ಕ್ರಿ.ಪೂ. 86ರಲ್ಲಿ ರೋಮಿನ ಸೇನಾಪತಿ ಸುಲ್ಲಾ ಪಿರೇಯಸ್ಸನ್ನು ಸುಟ್ಟ ಮೇಲೆ ಊರಿಗೆ ಹಳೆಯ ವೈಭವ ಮರಳಲಿಲ್ಲ. ಕಾಲಕ್ರಮದಲ್ಲಿ ಊರು ಪಾಳುಬಿದ್ದು, ಹಡಗಿನವರಿಗೆ ಗುರುತಾಗಿ ಉಳಿದದ್ದು ಆ ಸಿಂಹ. ಇಟಲಿಯ ನಾವಿಕರು ‘ಪೋರ್ತೊ ಲಿಯೋನೆ’ ಎಂದರು, ತುರ್ಕರು ‘ಅಸ್ಲಾನ್ ಲಿಮಾನ್’ ಎಂದರು. ಹೆಸರಿನ ಕಥೆ ಇಷ್ಟೇ.

ಇನ್ನು ಹೆರಾಲ್ಡ್. ಮುಂದೆ ನಾರ್ವೆಯ ದೊರೆಯಾಗಿ 1066ರಲ್ಲಿ ಇಂಗ್ಲೆಂಡಿನಲ್ಲಿ ಮಡಿದ ಈತ, ಯೌವನದಲ್ಲಿ ಬೈಜಾಂಟಿಯಂ (ಪೂರ್ವ ರೋಮನ್ ಸಾಮ್ರಾಜ್ಯ) ಚಕ್ರವರ್ತಿಯ ಸಂಬಳದ ಸೈನಿಕನಾಗಿದ್ದ. ಅಥೆನ್ಸ್ ಅದೇ ಚಕ್ರವರ್ತಿಯ ಆಳ್ವಿಕೆಯಲ್ಲಿದ್ದ ಊರು. ತಾನು ಯಾರ ಅನ್ನ ಉಣ್ಣುತ್ತಿದ್ದನೋ ಅವನ ಬಂದರನ್ನೇ ಗೆದ್ದು ಮೆರೆದ ಎನ್ನುವವರು ಈ ಸಂಗತಿಯನ್ನು ಮರೆಯುತ್ತಾರೆ.

ಸಿಂಹದ ಎರಡೂ ಭುಜಗಳ ಮೇಲೆ, ಹಾವಿನಂತೆ ಸುತ್ತಿಕೊಂಡ ಪಟ್ಟಿಯೊಳಗೆ ರೂನ್ ಲಿಪಿಯ, ಅಂದರೆ ಉತ್ತರ ಯುರೋಪಿನ ಹಳೆಯ ಲಿಪಿಯ ಸಾಲುಗಳಿವೆ. ಆ ಕೆತ್ತನೆಯ ಶೈಲಿ 11ನೇ ಶತಮಾನದ ಸ್ವೀಡನ್ನಿನದು. ಅವು ರೂನ್ ಅಕ್ಷರಗಳೆಂದು 18ನೇ ಶತಮಾನದ ಕೊನೆಯಲ್ಲಿ ಗುರುತಿಸಿದವನು ಸ್ವೀಡನ್ನಿನ ರಾಜತಾಂತ್ರಿಕ ಓಕರ್‌ಬ್ಲಾಡ್. ಈಜಿಪ್ಟಿನ ಹಳೆಯ ಲಿಪಿಯನ್ನು ಓದಲು ನೆರವಾದ ರೊಸೆಟ್ಟಾ ಶಿಲೆಯ ಅಧ್ಯಯನದಲ್ಲೂ ದುಡಿದ ದೊಡ್ಡ ವಿದ್ವಾಂಸ ಆತ. 19ನೇ ಶತಮಾನದ ನಡುವೆ ಡೆನ್ಮಾರ್ಕಿನ ವಿದ್ವಾಂಸ ರಾಫ್ನ್, ಸವೆದುಹೋಗಿದ್ದ ಅಕ್ಷರಗಳನ್ನು ಊಹೆಯಿಂದ ತುಂಬಿಸಿ, ಗ್ರೀಕರು ದಂಗೆಯೆದ್ದರು, ಎತ್ತರದ ಹೆರಾಲ್ಡ್ ದಂಡ ವಿಧಿಸಿದ, ಅವನ ಅಪ್ಪಣೆಯಂತೆ ಇದನ್ನು ಕೆತ್ತಲಾಯಿತು ಎಂದು ಓದಿದ. ಜನ ಇಂದಿಗೂ ಹೇಳುತ್ತಿರುವುದು ಈ ಓದನ್ನೇ.

ನಮ್ಮ ಶಾಸನತಜ್ಞರು ಅಳಿಸಿಹೋದ ಅಕ್ಷರದ ಜಾಗದಲ್ಲಿ ಚುಕ್ಕೆಗಳನ್ನಿಟ್ಟು ಮುಂದೆ ಸಾಗುತ್ತಾರೆ. ಇಲ್ಲಿ ಆಗಬೇಕಿದ್ದದ್ದೂ ಅದೇ. ರಾಫ್ನ್ ನಂತರ ಸ್ವೀಡನ್ನಿನ ವಿದ್ವಾಂಸ ಎರಿಕ್ ಬ್ರಾಟೆ 20ನೇ ಶತಮಾನದ ಆರಂಭದಲ್ಲಿ ಅದೇ ಸಾಲುಗಳಲ್ಲಿ ಹೊರ್ಸಿ ಎಂಬ ಸತ್ತ ಯೋಧನ ಸ್ಮರಣೆಯನ್ನು ಕಂಡ. ಒಂದೇ ಕಲ್ಲಿನಲ್ಲಿ ಒಬ್ಬನಿಗೆ ದೊರೆಯ ದಂಡಯಾತ್ರೆ, ಇನ್ನೊಬ್ಬನಿಗೆ ಗೆಳೆಯರ ಶೋಕ ಕಾಣುವುದಾದರೆ ಕಲ್ಲು ಎಷ್ಟು ಸವೆದಿದೆ ಎಂದು ಯೋಚಿಸಿ. ಇಂದಿನ ತಜ್ಞರು ಅಲ್ಲಿ ಬೇರೆ ಬೇರೆ ಕೈಗಳ ಬರಹವನ್ನು ಗುರುತಿಸುತ್ತಾರೆ. ಹೆರಾಲ್ಡನ ಹೆಸರಂತೂ ಖಚಿತವಾಗಿ ಓದಲಾಗುವ ಭಾಗದಲ್ಲಿ ಎಲ್ಲಿಯೂ ಇಲ್ಲ. ಇದ್ದಿದ್ದರೂ, ಅದಕ್ಕಿಂತ ಸಾವಿರ ವರ್ಷಕ್ಕೂ ಹಳೆಯದಾದ ಸಿಂಹದಿಂದ ಬಂದ ಹೆಸರಿಗೂ ಅದಕ್ಕೂ ಸಂಬಂಧವಿರುತ್ತಿರಲಿಲ್ಲ.

ಸಿಂಹ ಈಗ ವೆನಿಸ್‌ನಲ್ಲಿದೆ. 1687ರಲ್ಲಿ ಅಥೆನ್ಸಿನ ಪ್ರಾಚೀನ ದೇಗುಲ ಪಾರ್ಥೆನಾನ್ ಮೇಲೆ ಗುಂಡು ಹಾರಿಸಿದ ವೆನಿಸ್ ಸೇನೆಯ ನಾಯಕ ಮೊರೊಸಿನಿ ಹಿಂದಿರುಗುವಾಗ ಅದನ್ನು ಹೊತ್ತೊಯ್ದ. ಅಲ್ಲಿನ ನೌಕಾಗಾರದ ಹೆಬ್ಬಾಗಿಲ ಬಳಿ ಇಂದಿಗೂ ನೋಡಬಹುದು. ಪಿರೇಯಸ್‌ನಲ್ಲಿರುವುದು ಪ್ರತಿಕೃತಿ. 19ನೇ ಶತಮಾನದಲ್ಲಿ ಸ್ವತಂತ್ರ ಗ್ರೀಸ್ ಪಿರೇಯಸ್ ಎಂಬ ಹಳೆಯ ಹೆಸರನ್ನೇ ಮತ್ತೆ ಊರಿಗೆ ಇಟ್ಟಿತು.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆಯೊಂದಿದೆ: ಅಥೆನ್ಸಿನವರು ಪಿರೇಯಸ್‌ಗೆ ಬರುವ ಮೊದಲು ಹಡಗುಗಳನ್ನು ಎಲ್ಲಿ ನಿಲ್ಲಿಸುತ್ತಿದ್ದರು? ಪಕ್ಕದ ಫಲೇರೊನ್‌ನ ತೆರೆದ ಮರಳು ದಂಡೆಯಲ್ಲಿ. ಶತ್ರುವಿನಿಂದಾಗಲಿ ಬಿರುಗಾಳಿಯಿಂದಾಗಲಿ ಅಲ್ಲಿ ರಕ್ಷಣೆಯಿರಲಿಲ್ಲ. ಪಿರೇಯಸ್‌ನಲ್ಲಿ ಕಾಂಥಾರೊಸ್, ಝೇಯಾ, ಮುನಿಖಿಯಾ ಎಂಬ ಮೂರು ಸಹಜ ಕೊಲ್ಲಿಗಳಿದ್ದವು. ಕ್ರಿ.ಪೂ. 493ರ ಸುಮಾರಿಗೆ ಅಥೆನ್ಸಿನ ನಾಯಕ ಥೆಮಿಸ್ಟೊಕ್ಲಿಸ್ ಅಲ್ಲಿ ಕೋಟೆ ಕಟ್ಟಿಸಲು ತೊಡಗಿದ. ಕ್ರಿ.ಪೂ. 4ನೇ ಶತಮಾನದ ಶಾಸನಗಳು ಝೇಯಾದಲ್ಲಿ 196, ಕಾಂಥಾರೊಸ್‌ನಲ್ಲಿ 94, ಮುನಿಖಿಯಾದಲ್ಲಿ 82 ಹಡಗು ಕೊಟ್ಟಿಗೆಗಳಿದ್ದುದನ್ನು ಲೆಕ್ಕವಿಟ್ಟಿವೆ. ಸುಮಾರು ಆರೂವರೆ ಮೀಟರ್ ಅಗಲದ ಇಳಿಜಾರಿನಲ್ಲಿ ಒಂದೊಂದು ಯುದ್ಧನೌಕೆಯನ್ನು ನೀರಿನಿಂದ ಮೇಲಕ್ಕೆ ಎಳೆದು ಒಣಗಿಸುತ್ತಿದ್ದರು. ಅವುಗಳಲ್ಲಿ ಕೆಲವು ಕೊಟ್ಟಿಗೆಗಳ ಅವಶೇಷ ಇಂದು ಝೇಯಾ ತೀರದ ವಸತಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿದೆ. ಗ್ರೀಸ್‌ಗೆ ಹೋಗುವವರು ಸಿಂಹದ ಪ್ರತಿಕೃತಿಯ ಜೊತೆಗೆ ಅದನ್ನೂ ನೋಡಿ ಬನ್ನಿ.