ಫಾರ್ಮ್ಯಾಟ್ ಮಾಡಲಾ ಎಂದು ಕೇಳಿದಾಗ

ಶಿವಮೊಗ್ಗದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು 18 ವರ್ಷವಾಯಿತು. ಹಾರ್ಡ್ ಡಿಸ್ಕ್ ಓಪನ್ ಆಗ್ತಿಲ್ಲ ಎಂದು ಬರುವವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. "ಇಲ್ಲಿಗೆ ತರೋ ಮೊದ್ಲು ಏನೇನು ಮಾಡಿದ್ರಿ?" ಹೆಚ್ಚಿನವರು "ಏನೂ ಮಾಡಿಲ್ಲ ಸಾರ್" ಅನ್ನುತ್ತಾರೆ. ಎರಡು ನಿಮಿಷ ಬಿಟ್ಟು ಮೆಲ್ಲಗೆ ಬಾಯಿ ಬಿಡುತ್ತಾರೆ. "ಅದೇ ಏನೋ ಕೇಳ್ತು. ಓಕೆ ಕೊಟ್ಟೆ, ಅಷ್ಟೇ."

ಆ ಓಕೆ ಬಗ್ಗೆಯೇ ಇವತ್ತು ಬರೆಯಬೇಕು.

ಹೋದ ಮದುವೆ ಸೀಸನ್ನಿನಲ್ಲಿ ತೀರ್ಥಹಳ್ಳಿ ಕಡೆಯ ಫೋಟೋಗ್ರಾಫರ್ ಹುಡುಗನೊಬ್ಬ ಬಂದ. 1 ಟಿಬಿ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತಂದಿದ್ದ. ಅದರಲ್ಲಿ ಹನ್ನೊಂದು ಮದುವೆಗಳ ಫೋಟೋ, ವಿಡಿಯೋ. ರಾತ್ರಿ ಎಡಿಟಿಂಗ್‌ಗೆ ಕೂತಾಗ ಕರೆಂಟ್ ಹೋಗಿ ಬಂದಿದೆ. ಮತ್ತೆ ಡಿಸ್ಕ್ ಹಾಕಿದರೆ ಪರದೆಯ ಮೇಲೆ ಒಂದು ಕಿಟಕಿ. "ಈ ಡ್ರೈವ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಇವನು ಮಾಡು ಅಂದಿದ್ದಾನೆ. ಡಿಸ್ಕ್ ಓಪನ್ ಆಯಿತು, ಒಳಗೆ ಏನೂ ಇಲ್ಲ. ಅಷ್ಟಕ್ಕೇ ನಿಂತಿದ್ದರೆ ನನ್ನ ಕೆಲಸ ಸುಲಭವಿತ್ತು. ಡಿಸ್ಕ್ ಸರಿ ಇದೆಯಾ ನೋಡೋಣ ಎಂದು ಅದಕ್ಕೆ ಸುಮಾರು 40 ಜಿಬಿ ಸಿನಿಮಾ ಕಾಪಿ ಮಾಡಿ ನೋಡಿದ್ದ.

ಆ ಹುಡುಗನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಮೂರು ರಾತ್ರಿ ನಿದ್ದೆ ಮಾಡಿರಲಿಲ್ಲ ಅವನು. ಆದರೆ ಸಿಟ್ಟು ಬಂದದ್ದು ನಿಜ. ವರ್ಷಕ್ಕೆ ಎಷ್ಟೋ ಸಲ ಇದೇ ಕಥೆ ಕೇಳುತ್ತೇನೆ, ಊರು ಮತ್ತು ಫೋಟೋ ಮಾತ್ರ ಬೇರೆ.

ಫಾರ್ಮ್ಯಾಟ್ ಮಾಡಬೇಕು ಎಂದು ವಿಂಡೋಸ್ ಹೇಳಿದರೆ ಅದು ಡಾಕ್ಟರ್ ಕೊಟ್ಟ ಚೀಟಿ ಎಂದು ಜನ ತಿಳಿಯುತ್ತಾರೆ. ಕಂಪ್ಯೂಟರ್ ಪರೀಕ್ಷೆ ಮಾಡಿ, ಕಾಯಿಲೆ ಕಂಡು ಹಿಡಿದು, ಔಷಧಿ ಹೇಳುತ್ತಿದೆ ಎಂಬ ನಂಬಿಕೆ. ಅಲ್ಲಿ ಪರೀಕ್ಷೆಯೇ ನಡೆದಿರುವುದಿಲ್ಲ. ಡಿಸ್ಕಿನ ದಾಖಲೆಯ ಮೊದಲ ಪುಟ ತೆರೆದು ನೋಡಿದೆ, ಓದಲು ಬರಲಿಲ್ಲ. ಓದಲು ಬರದ ಡಿಸ್ಕ್ ಅದರ ಲೆಕ್ಕದಲ್ಲಿ ಹೊಸ ಡಿಸ್ಕ್. ಹಾಗಾಗಿ ಕೇಳುತ್ತದೆ. ಒಳಗೆ ನಿಮ್ಮ ಮಗಳ ನಾಮಕರಣದ ಫೋಟೋ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ನಮ್ಮ ಕಡೆಯವರಿಗೆ ನಾನು ಇದನ್ನು ಪಹಣಿ ಲೆಕ್ಕದಲ್ಲಿ ಹೇಳುತ್ತೇನೆ. ನಿಮ್ಮ ಫೋಟೋ, ವಿಡಿಯೋ ಎಲ್ಲ ತೋಟ ಅಂದುಕೊಳ್ಳಿ. ಯಾವ ಫೈಲ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಡಿಸ್ಕಿನಲ್ಲೇ ಬೇರೆ ಕಡೆ ಬರೆದಿರುತ್ತದೆ. ಅದು ಪಹಣಿ. ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಎಂದೆಲ್ಲ ಕೇಳಿರುತ್ತೀರಿ, ಅವು ಪಹಣಿ ಬರೆಯುವ ಬೇರೆ ಬೇರೆ ಕ್ರಮಗಳು. ಬರೆಯುವಾಗಲೇ ಕೇಬಲ್ ಕಿತ್ತರೆ, ಕರೆಂಟ್ ಹೋದರೆ ಪಹಣಿಯ ಪುಟ ಹಾಳಾಗಬಹುದು. ಪಹಣಿಗೆ ಗೆದ್ದಲು ಹತ್ತಿದರೆ ತೋಟ ಎಲ್ಲಿಗೂ ಹೋಗುವುದಿಲ್ಲ, ಅಲ್ವಾ? ಅಡಿಕೆ ಮರ ಅಲ್ಲೇ ಇರುತ್ತದೆ.

ಫಾರ್ಮ್ಯಾಟ್ ಅಂದರೆ ಹೊಸ ಪಹಣಿ ಬರೆಯುವುದು. ಅದರಲ್ಲಿ ಇಡೀ ಸರ್ವೆ ನಂಬರಿಗೆ ಖಾಲಿ ಜಾಗ ಎಂದು ಬರೆದಿರುತ್ತದೆ. ಆಗಲೂ ತೋಟ ಇದೆ. ಆಮೇಲೆ ನೀವು ಒಂದು ಸಿನಿಮಾ ಕಾಪಿ ಮಾಡಿದಿರಿ ಎನ್ನಿ. ವಿಂಡೋಸ್ ಪಹಣಿ ನೋಡುತ್ತದೆ, ಖಾಲಿ ಇದೆ ಅನ್ನುತ್ತದೆ, ಜೆಸಿಬಿ ತಂದು ಮರ ಕಿತ್ತು ಅಲ್ಲಿ ಮನೆ ಕಟ್ಟುತ್ತದೆ. ಆ ಜಾಗದ ಮರ ಇನ್ನು ಯಾರಿಂದಲೂ ವಾಪಸ್ ಬರುವುದಿಲ್ಲ. ಎಷ್ಟು ದುಡ್ಡು ಕೊಟ್ಟರೂ ಅಷ್ಟೇ.

ಇದರಲ್ಲೂ ಎರಡು ವಿಷಯ ಗಮನಿಸಬೇಕು. ಫಾರ್ಮ್ಯಾಟ್ ಕಿಟಕಿಯಲ್ಲಿ ಕ್ವಿಕ್ ಫಾರ್ಮ್ಯಾಟ್ ಎಂಬ ಕಡೆ ಟಿಕ್ ಇರುತ್ತದೆ. ಇದ್ದರೆ ಮೇಲೆ ಹೇಳಿದಂತೆ ಪಹಣಿ ಮಾತ್ರ ಬದಲಾಗುತ್ತದೆ. ಪೂರ್ತಿ ಮಾಡಿದರೆ ಒಳ್ಳೆಯದು ಎಂದು ಆ ಟಿಕ್ ತೆಗೆಯುವವರಿದ್ದಾರೆ. ಹಳೆಯ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಾದರೆ ಹಾಗೆ ಮಾಡಿದರೂ ಸ್ವಲ್ಪ ಆಸೆ ಇರುತ್ತಿತ್ತು. ಅದರ ನಂತರದ ವಿಂಡೋಸ್ ವಿಸ್ಟಾ ಬಂದ ಮೇಲೆ ಪೂರ್ತಿ ಫಾರ್ಮ್ಯಾಟ್ ಅಂದರೆ ಡಿಸ್ಕಿನ ಉದ್ದಕ್ಕೂ ಸೊನ್ನೆ ಬರೆದುಕೊಂಡು ಹೋಗುವುದು. ಗಂಟೆಗಟ್ಟಲೆ ನಡೆಯುತ್ತದೆ. ನಡುವೆ ಗೊತ್ತಾದರೆ ತಕ್ಷಣ ನಿಲ್ಲಿಸಿ, ಸೊನ್ನೆ ಬೀಳದ ಭಾಗ ಉಳಿದಿರುತ್ತದೆ. ಎರಡನೆಯದು, ನಿಮ್ಮದು ತಿರುಗುವ ಡಿಸ್ಕ್ ಅಲ್ಲದೆ ಎಸ್‌ಎಸ್‌ಡಿ ಆಗಿದ್ದರೆ ಕ್ವಿಕ್ ಫಾರ್ಮ್ಯಾಟ್ ಕೂಡ ಅಪಾಯ. ಖಾಲಿ ಎಂದು ಬರೆದ ಜಾಗವನ್ನು ಎಸ್‌ಎಸ್‌ಡಿ ತಾನಾಗಿಯೇ ಅಳಿಸಿಬಿಡುವುದುಂಟು. ಟ್ರಿಮ್ ಎಂದು ಅದರ ಹೆಸರು. ಎಲ್ಲ ಪೋರ್ಟಬಲ್ ಎಸ್‌ಎಸ್‌ಡಿಯಲ್ಲೂ ಹಾಗಾಗುತ್ತದೆ ಎಂದು ನಾನು ಹೇಳಲಾರೆ. ಆದರೆ ಆದಾಗ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಹಾಗಾಗಿ ಆ ಕಿಟಕಿ ಬಂದರೆ ಕ್ಯಾನ್ಸಲ್ ಒತ್ತಿ. ಆಮೇಲೆ ನೋಡಬೇಕಾದ್ದು ಸುಲಭ. ಕೇಬಲ್ ಬದಲಿಸಿ. ಪೋರ್ಟಬಲ್ ಡಿಸ್ಕಿನ ಆ ಅಗಲ ಮೂತಿಯ ಪಿನ್ ವರ್ಷವಾಗುತ್ತಿದ್ದಂತೆ ಸಡಿಲವಾಗುತ್ತದೆ. ಸಿಪಿಯು ಅಂತ ನಾವೆಲ್ಲ ಕರೆಯುವ ಡಬ್ಬದ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಹಾಕಿ. ಡಿಸ್ಕ್ ತಿರುಗಲು ಬೇಕಾದ ಕರೆಂಟ್ ಕೂಡ ಆ ಪೋರ್ಟಿನಿಂದಲೇ ಬರಬೇಕು. ಹಳೇ ಯುಎಸ್‌ಬಿ 2.0 ಪೋರ್ಟಿನ ಲೆಕ್ಕ 500 ಮಿಲಿ ಆಂಪಿಯರ್, ನೀಲಿ ಬಣ್ಣದ 3.0 ಪೋರ್ಟಿನದು 900. ಮುಂದಿನ ಪೋರ್ಟಿಗೆ ಒಳಗಿನಿಂದ ತೆಳು ವೈರ್ ಎಳೆದಿರುತ್ತಾರೆ, ಅಲ್ಲಿ ಅಷ್ಟೂ ಸಿಗದಿರಬಹುದು. ಟಕ್ ಟಕ್ ಎಂದು ಶಬ್ದ ಬರುತ್ತಿದ್ದರೆ ಅಥವಾ ಡಿಸ್ಕ್ ಬಿದ್ದಿದ್ದರೆ ಈ ಪ್ರಯೋಗವೂ ಬೇಡ. ಕಿತ್ತು ಪಕ್ಕಕ್ಕಿಡಿ. ಒಳಗಿನ ಹೆಡ್ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಅದು ಕೆಟ್ಟಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ತಟ್ಟೆಯನ್ನೇ ಗೀರಬಹುದು. ಅದು ನನ್ನಂಥವನ ಅಂಗಡಿಯ ಕೆಲಸವೂ ಅಲ್ಲ. ಧೂಳಿಲ್ಲದ ಕೋಣೆ ಇರುವ ಲ್ಯಾಬಿಗೆ ಕಳಿಸಬೇಕು, ಖರ್ಚು ಜಾಸ್ತಿ. ಫ್ರಿಜ್ಜಿನಲ್ಲಿಟ್ಟು ತೆಗೆದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಮಲೆನಾಡಿನ ಮಳೆಗಾಲದಲ್ಲಂತೂ ಹೊರಗೆ ತೆಗೆದ ಕೂಡಲೇ ಅದರ ಮೇಲೆಲ್ಲ ನೀರು ಕೂರುತ್ತದೆ.

ಶಬ್ದ ಇಲ್ಲ, ಲೈಟ್ ಉರಿಯುತ್ತಿದೆ, ಆದರೂ ಕಾಣುತ್ತಿಲ್ಲ ಅಂದರೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಡಿಸ್ಕ್ ಅಲ್ಲಿದೆ, ಡಿ, ಇ ಎಂಬಂಥ ಅಕ್ಷರ ಮಾತ್ರ ಇಲ್ಲ ಎಂದಾದರೆ ಡ್ರೈವ್ ಲೆಟರ್ ಕೊಟ್ಟರೆ ಸಾಕು. ಅದರಿಂದ ಡೇಟಾಕ್ಕೆ ತೊಂದರೆಯಿಲ್ಲ. ಆದರೆ ಇಲ್ಲೂ ಅದೇ ಓಕೆ ಕಾದಿರುತ್ತದೆ. ಇನಿಶಿಯಲೈಸ್ ಡಿಸ್ಕ್ ಎಂಬ ಕಿಟಕಿ ತಾನಾಗಿ ಎದ್ದು ಬರಬಹುದು. ಅದೂ ಹೊಸ ಡಿಸ್ಕಿಗೆ ಕೇಳುವ ಪ್ರಶ್ನೆಯೇ. ಕ್ಯಾನ್ಸಲ್ ಮಾಡಿ.

ಬೆಂಗಳೂರಿನಲ್ಲಿರುವ ಮಗ ಮ್ಯಾಕ್‌ನಲ್ಲಿ ಬಳಸಿದ ಡಿಸ್ಕ್ ತಂದು ಊರಿನಲ್ಲಿ ಅಪ್ಪನಿಗೆ ಕೊಟ್ಟು ಹೋಗುತ್ತಾನೆ. ಅದರ ಪಹಣಿ ಹೆಚ್ಚಾಗಿ ಎಪಿಎಫ್‌ಎಸ್ ಎಂಬ ಕ್ರಮದಲ್ಲಿರುತ್ತದೆ, ವಿಂಡೋಸಿಗೆ ಆ ಬರಹ ಬರುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ರೈಟ್ ಕ್ಲಿಕ್ ಮಾಡಿದರೆ ಡಿಲೀಟ್ ವಾಲ್ಯೂಮ್ ಎಂಬುದೊಂದೇ ಒತ್ತುವ ಹಾಗೆ ಕಾಣುತ್ತದೆ. ಇರುವುದು ಒಂದೇ ದಾರಿ ಎಂದು ಒತ್ತಿದವರನ್ನು ನೋಡಿದ್ದೇನೆ. ಆ ಡಿಸ್ಕಿಗೆ ಏನೂ ಆಗಿರಲಿಲ್ಲ. ಮಗನ ಲ್ಯಾಪ್‌ಟಾಪಿಗೆ ಹಾಕಿದ್ದರೆ ತೆರೆಯುತ್ತಿತ್ತು.

ಇನ್ನು ಚೆಕ್ ಡಿಸ್ಕ್, ಅಂದರೆ ಡಿಸ್ಕಿನ ತಪ್ಪು ಸರಿಪಡಿಸಲು ವಿಂಡೋಸಿನಲ್ಲೇ ಇರುವ ಕಮಾಂಡ್. ಇದರಲ್ಲಿ ಸ್ವಲ್ಪ ತಿಳಿದವರೇ ಎಡವುತ್ತಾರೆ. ಕಪ್ಪು ಕಿಟಕಿ ತೆರೆದು ಆ ಕಮಾಂಡ್ ಕೊಡುತ್ತಾರೆ. ಅದು ಪಹಣಿಯನ್ನು ತಿದ್ದುತ್ತದೆ, ನಿಮ್ಮ ಫೈಲ್ ಉಳಿಸುವುದು ಅದರ ಮುಖ್ಯ ಕೆಲಸವಲ್ಲ. ಲೆಕ್ಕಕ್ಕೆ ಹೊಂದದ ಚೂರುಗಳನ್ನು ಬೇರೆ ಫೋಲ್ಡರಿಗೆ ತಳ್ಳಿ, ಹೆಸರು ತೆಗೆದು ನಂಬರ್ ಹಾಕುತ್ತದೆ. ಎಷ್ಟೋ ಸಲ ಅದರಿಂದ ಸರಿಹೋಗುತ್ತದೆ ಎಂಬುದನ್ನೂ ಒಪ್ಪುತ್ತೇನೆ. ಆದರೂ ನಾವು ಮೊದಲು ಇಡೀ ಡಿಸ್ಕಿನ ನಕಲನ್ನು ಬೇರೆ ಡಿಸ್ಕಿಗೆ ತೆಗೆದುಕೊಂಡು, ನಕಲಿನ ಮೇಲೆ ಮಾತ್ರ ಕೈಯಾಡಿಸುತ್ತೇವೆ. ಸಿಕ್ಕ ಫೈಲುಗಳನ್ನು ಅದೇ ಡಿಸ್ಕಿಗೆ ಹಾಕುವುದಂತೂ ಇಲ್ಲವೇ ಇಲ್ಲ.

ಪಹಣಿ ಪೂರ್ತಿ ಹೋದಾಗ ಫೈಲುಗಳನ್ನು ಅವುಗಳ ರೂಪ ನೋಡಿ ಹುಡುಕಬೇಕಾಗುತ್ತದೆ. ಫೋಟೋರೆಕ್ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಚೆನ್ನಾಗಿದೆ. ಹಾಗೆ ಸಿಕ್ಕ ಫೈಲಿಗೆ ಹೆಸರಿರುವುದಿಲ್ಲ. ಸಾಗರದ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಮನೆತನದ ಚರಿತ್ರೆಯನ್ನು ವರ್ಷಗಟ್ಟಲೆ ನುಡಿ ಎಂಬ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದರು. ಅವರ ಮೊಮ್ಮಗ ಓಕೆ ಕೊಟ್ಟಿದ್ದ. 200ಕ್ಕೂ ಹೆಚ್ಚು ವರ್ಡ್ ಫೈಲ್ ತೆಗೆದುಕೊಟ್ಟೆ. ಮನೆಗೆ ಹೋಗಿ ಫೋನ್ ಮಾಡಿದರು, ದನಿ ನಡುಗುತ್ತಿತ್ತು. "ಎಲ್ಲಾ ಕೆಟ್ಟು ಹೋಗಿದೆ ಮಾರಾಯ. ಇಂಗ್ಲಿಷ್ ಅಕ್ಷರಕ್ಕೆ ಕೊಂಬು, ಬಾಲ ಬಂದಿದೆ." ಆ ಮನೆಯ ಹೊಸ ಲ್ಯಾಪ್‌ಟಾಪಿನಲ್ಲಿ ನುಡಿ ಫಾಂಟೇ ಇರಲಿಲ್ಲ. ಹಳೆಯ ನುಡಿ, ಬರಹ ಫೈಲುಗಳು ಯೂನಿಕೋಡ್ ಅಲ್ಲ, ಫಾಂಟ್ ಇಲ್ಲದಿದ್ದರೆ ಹಾಗೆಯೇ ಕಾಣುತ್ತವೆ. ಫಾಂಟ್ ಹಾಕಿಸಿದೆ. ಮೊದಲು ತೆರೆದ ಪುಟದಲ್ಲೇ ಅವರ ಅಜ್ಜನ ಹೆಸರು ಬಂತು. ಫೋನಿನಲ್ಲೇ ಅದನ್ನು ಗಟ್ಟಿಯಾಗಿ ಓದಿ ಹೇಳಿದರು. ಆಮೇಲೆ ಒಂದೊಂದೇ ಫೈಲ್ ತೆರೆದು ಹೆಸರಿಡಲು ಅವರಿಗೆ ಎರಡು ತಿಂಗಳು ಬೇಕಾಯಿತು.

ತೀರ್ಥಹಳ್ಳಿ ಹುಡುಗನ ಹನ್ನೊಂದರಲ್ಲಿ ಒಂಬತ್ತು ಮದುವೆ ಪೂರ್ತಿ ಸಿಕ್ಕವು. ಒಂದರ ಫೋಟೋಗಳು ಆಲ್ಬಮ್ ಡಿಸೈನ್ ಮಾಡುವವರ ಕಂಪ್ಯೂಟರಿನಲ್ಲಿದ್ದವು. ಇನ್ನೊಂದರ ಜಾಗದಲ್ಲಿ ಸಿನಿಮಾ ಕೂತಿತ್ತು. ಧಾರೆಯ ವಿಡಿಯೋ ಚೂರು ಚೂರಾಗಿ ಸಿಕ್ಕಿತು, ಯಾವುದೂ ಪ್ಲೇ ಆಗಲಿಲ್ಲ. ನೆಂಟರ ಮೊಬೈಲುಗಳಿಂದ ಫೋಟೋ ಒಟ್ಟು ಮಾಡಿ ಆಲ್ಬಮ್ ಮಾಡಿಕೊಟ್ಟ, ಆ ಮನೆಯವರಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಈಗ ಪ್ರತಿ ಮದುವೆಯನ್ನೂ ಎರಡು ಡಿಸ್ಕಿಗೆ ಹಾಕಿದ ಮೇಲೆಯೇ ಕ್ಯಾಮೆರಾದ ಕಾರ್ಡ್ ಖಾಲಿ ಮಾಡುತ್ತಾನೆ.

ಹೋದ ವಾರ ರಾತ್ರಿ ಒಂಬತ್ತೂವರೆಗೆ ಮೇಷ್ಟ್ರ ಫೋನ್ ಬಂತು. "ಅದೇ ಕಿಟಕಿ ಬಂದಿದೆ ಮಾರಾಯ. ಕ್ಯಾನ್ಸಲ್ ಒತ್ತಿ, ಡಿಸ್ಕ್ ಕಿತ್ತು ದೇವರ ಮನೇಲಿ ಇಟ್ಟಿದ್ದೇನೆ. ಈಗೇನು ಮಾಡಲಿ?"

"ನಾಳೆ ಬಸ್ಸಿಗೆ ತಗೊಂಡು ಬನ್ನಿ ಮೇಷ್ಟ್ರೇ, ಕೇಬಲ್ಲೂ ತನ್ನಿ" ಅಂದೆ.

ಕೇಬಲ್ಲೇ ಹೋಗಿತ್ತು. ನನ್ನ ಕೇಬಲ್ ಹಾಕಿದ ಕೂಡಲೇ ಡಿಸ್ಕ್ ತೆರೆಯಿತು. ಅವರು ಕುರ್ಚಿ ಎಳೆದುಕೊಂಡು ಕೂತು, ಹೆಸರಿಟ್ಟ ಅಷ್ಟೂ ಫೈಲುಗಳನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿಕೊಂಡರು. ಎರಡನೇ ಡಿಸ್ಕಿಗೆ ಕಾಪಿ ಮುಗಿಯುವವರೆಗೂ ಏಳಲಿಲ್ಲ.